ಪರದೇಶದಲ್ಲೊಂದು ಬಿಡಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಊರು ಬಿಟ್ಟು ಹೋಗುವವರು ವಿರಳವಾಗಿದ್ದ ಆ ಕಾಲದಲ್ಲಿ, ಪರಸ್ಥಳದಲ್ಲಿ ಬಾಡಿಗೆಯ ಮನೆ ಹುಡುಕಿ ನೋಡು ಎಂಬ ಮಾತನ್ನು ಅದಕ್ಕೆ ಸೇರಿಸುವ ಪ್ರಮೇಯ ಅವರಿಗೆ ಬರಲಿಲ್ಲ. ಇಂದು ಸಮಾಜದ ಅನೇಕ ಮನೆತನಗಳ ಮಕ್ಕಳು ಕಡಲಾಚೆಯ ಉದ್ಯೋಗಕ್ಕೆ ಹೋಗುತ್ತಿದ್ದಾರೆ. ಹೊರಡುವ ಮುನ್ನ ವೀಸಾ, ವಿಮಾನದ ಟಿಕೆಟು, ಉಪ್ಪಿನಕಾಯಿಯ ಭರಣಿ ಎಲ್ಲದರ ಚಿಂತೆಯನ್ನೂ ಮಾಡುತ್ತೇವೆ. ಇಳಿದ ಊರಿನಲ್ಲಿ ತಲೆಯ ಮೇಲೊಂದು ಸೂರು ಹೇಗೆ ಒದಗೀತು ಎಂಬುದನ್ನು ಮಾತ್ರ, ಹೋದ ಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತೇವೆ. ಈ ತಿಂಗಳು ಆ ವಿಚಾರವನ್ನೇ ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಪಶ್ಚಿಮಘಟ್ಟದ ಬುಡದಲ್ಲಿರುವ ಚಾರ್ಮಾಡಿಯನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಮಹಾಶಿವರಾತ್ರಿಯ ಹೊತ್ತಿಗೆ ಕೊಟ್ಟಿಗೆಹಾರದಿಂದ ಘಾಟಿಯಿಳಿದು ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರು ಈ ಊರನ್ನು ಹಾದೇ ಕಕ್ಕಿಂಜೆ, ಮುಂಡಾಜೆ, ಉಜಿರೆಗಳತ್ತ ಸಾಗುತ್ತಾರೆ. ದಣಿದು ಬಂದ ಪಾದಯಾತ್ರಿಗೆ ನೀರು, ನೆರಳು ನೀಡುವವರು ಅವನ ಗುರುತಿನ ಚೀಟಿಯನ್ನು ಕೇಳುವುದಿಲ್ಲ. ಅದೇ ಹೆದ್ದಾರಿ ಮುಂದೆ ಬಂಟ್ವಾಳವನ್ನು ದಾಟಿ ಮಂಗಳೂರನ್ನು ಸೇರುತ್ತದೆ. ಬೆಳ್ತಂಗಡಿ, ಬಂಟ್ವಾಳಗಳ ತರುಣರು ಆ ದಾರಿಯಲ್ಲೇ ಹೋಗಿ ವಿಮಾನವೇರಿ, ದಶಕಗಳಿಂದ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಈಚೆಗೆ ಜರ್ಮನಿ, ಇಂಗ್ಲೆಂಡುಗಳಿಗೂ ಹೋಗುತ್ತಿದ್ದಾರೆ. ಅಲ್ಲಿ ಇಳಿದ ಮರುದಿನದಿಂದಲೇ ಅವರು ಮನೆ ಹುಡುಕುವವರಾಗುತ್ತಾರೆ.

ನಮ್ಮಲ್ಲಿ ಬಾಡಿಗೆಯ ಮನೆ ದೊರೆಯುವುದು ಪರಿಚಯದಿಂದ. ಇಂಥವರ ಮಗ, ಇಂಥ ಊರಿನವನು ಎಂದು ಯಾರಾದರೊಬ್ಬರು ಒಂದು ಮಾತು ಹೇಳಿದರೆ ಬೀಗದ ಕೈ ಕೈಗೆ ಬರುತ್ತದೆ. ಪರದೇಶದಲ್ಲಿ ಆ ಮಾತನ್ನು ಹೇಳುವವರಿಲ್ಲ. ಅಲ್ಲಿ ಕಾಗದಪತ್ರಗಳೇ ನಮ್ಮ ಪರವಾಗಿ ಮಾತನಾಡಬೇಕು. ಆ ಕಾಗದಗಳಲ್ಲಿ ಹೆಚ್ಚಿನವು ಊರಿನಲ್ಲೇ ಸಿದ್ಧವಾಗಬೇಕಾದವು ಎಂಬುದನ್ನು ಮನೆಯವರು ತಿಳಿದಿರಬೇಕು.

ಮೊದಲು ದುಬೈಯನ್ನೇ ನೋಡೋಣ. ಅಲ್ಲಿ ಬಾಡಿಗೆಯನ್ನು ವರ್ಷಕ್ಕೆ ಇಷ್ಟೆಂದು ನಿಗದಿ ಮಾಡುವರು. ಅದನ್ನು ಒಂದು, ಎರಡು, ನಾಲ್ಕು ಅಥವಾ ಹೆಚ್ಚು ಕಂತುಗಳಾಗಿ, ಮುಂದಿನ ದಿನಾಂಕ ಬರೆದ ಚೆಕ್ಕುಗಳ ಮೂಲಕ ಒಮ್ಮೆಲೇ ಬರೆದುಕೊಡುವುದು ರೂಢಿ. ಚೆಕ್ಕು ಬೇಕಾದರೆ ಬ್ಯಾಂಕಿನ ಖಾತೆ ಬೇಕು; ಅದಕ್ಕೆ ನಿವಾಸದ ಗುರುತಿನ ಚೀಟಿ ಬೇಕು; ಅದು ಕೈಸೇರಲು ಕೆಲವು ವಾರಗಳು ಹಿಡಿಯಬಹುದು. ಆದುದರಿಂದ ಮೊದಲ ತಿಂಗಳಿಗೆ ತಾತ್ಕಾಲಿಕ ವಸತಿಯನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗುವುದು ಜಾಣತನ. ಬಾಡಿಗೆಯ ಕರಾರನ್ನು ಅಲ್ಲಿನ ಭೂ ಇಲಾಖೆಯ 'ಇಜಾರಿ' ಎಂಬ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಅರಬ್ಬಿಯಲ್ಲಿ ಆ ಪದಕ್ಕೆ 'ನನ್ನ ಬಾಡಿಗೆ' ಎಂದೇ ಅರ್ಥ.

ಈ ನೋಂದಣಿಯ ಹಿಂದೆ ಒಂದು ಸಂಸಾರದ ಭವಿಷ್ಯವೇ ಅಡಗಿದೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ ಕನಿಷ್ಠ 4000 ದಿರ್ಹಂ ವೇತನವಾಗಲಿ, 3000 ದಿರ್ಹಂ ವೇತನದೊಡನೆ ವಸತಿಯಾಗಲಿ ಇರಬೇಕು. ಜೊತೆಗೆ ನೋಂದಾಯಿತ ಬಾಡಿಗೆ ಕರಾರನ್ನೂ ದೃಢೀಕರಿಸಿದ ವಿವಾಹ ಪತ್ರವನ್ನೂ ಒಪ್ಪಿಸಬೇಕು. ಮನೆ ದೊರೆಯುವುದು ತಡವಾದಷ್ಟೂ ಊರಿನಲ್ಲಿ ಸೊಸೆ, ಮೊಮ್ಮಕ್ಕಳು ಕಾಯುವ ಕಾಲವೂ ಬೆಳೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಗುರುಹಿರಿಯರ ಸಮಕ್ಷಮ ಮದುವೆಯಾಗಿ, ಸರಕಾರಿ ನೋಂದಣಿಯನ್ನು ಮಾಡಿಸದೆ ಉಳಿದ ದಂಪತಿಗಳು ಇಂದಿಗೂ ಇದ್ದಾರೆ. ಅಂಥವರು ಹೊರಡುವ ಮೊದಲೇ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ವಿವಾಹವನ್ನು ನೋಂದಾಯಿಸಿ, ರಾಜ್ಯ ಸರಕಾರ, ವಿದೇಶಾಂಗ ಸಚಿವಾಲಯ ಹಾಗೂ ಆ ದೇಶದ ರಾಯಭಾರ ಕಚೇರಿಗಳ ದೃಢೀಕರಣವನ್ನು ಪಡೆದಿಟ್ಟುಕೊಳ್ಳಬೇಕು.

ಇನ್ನು ಹಣದ ಲೆಕ್ಕ. ವರ್ಷಕ್ಕೆ 60,000 ದಿರ್ಹಂ ಬಾಡಿಗೆಯ ಒಂದು ಸಣ್ಣ ಮನೆ ಎಂದಿಟ್ಟುಕೊಳ್ಳೋಣ. ನಾಲ್ಕು ಕಂತುಗಳಾದರೆ ಮೊದಲ ಕಂತು 15,000. ರೂಢಿಯಂತೆ ಶೇಕಡ 5ರ ಠೇವಣಿ 3000. ದಲ್ಲಾಳಿಯ ಶುಲ್ಕ ಶೇಕಡ 5ರಂತೆ ಮತ್ತೆ 3000. ವಿದ್ಯುತ್ತು, ನೀರಿನ ಸಂಪರ್ಕಕ್ಕೆ ಠೇವಣಿ 2000. ಒಟ್ಟು 23,000 ದಿರ್ಹಂ. ರೂಪಾಯಿಯಲ್ಲಿ ಐದು ಲಕ್ಷಕ್ಕೂ ಮಿಗಿಲು. ಮೊದಲ ಸಂಬಳ ಕೈಸೇರುವ ಮುನ್ನವೇ ಇಷ್ಟು ಬೇಕಾಗಬಹುದು. ಈ ಲೆಕ್ಕ ತಿಳಿಯದೆ ಹೋದ ಮಗ ಅಲ್ಲಿಂದ ಕರೆ ಮಾಡಿದಾಗ, ತಂದೆ ಅಡಿಕೆಯ ತೋಟದ ಮೇಲೆ ಸಾಲ ಎತ್ತುತ್ತಾನೆ, ತಾಯಿ ಕೊರಳಿನ ಸರವನ್ನು ಅಡವಿಡುತ್ತಾಳೆ. ಉದ್ಯೋಗದ ಪತ್ರಕ್ಕೆ ಸಹಿ ಹಾಕುವ ಮೊದಲೇ, ಮನೆಬಾಡಿಗೆಗಾಗಿ ಸಂಬಳದ ಮುಂಗಡವನ್ನು ಕೊಡುವಿರಾ, ಕೆಲವು ದಿನ ವಸತಿ ಒದಗಿಸುವಿರಾ ಎಂದು ಕೇಳಿಕೊಂಡರೆ ಎಷ್ಟೋ ಕಡೆ ದೊರೆಯುತ್ತದೆ. ಇದನ್ನು ಕೇಳಲು ನಮ್ಮ ಮಕ್ಕಳು ಸಂಕೋಚಪಡಬಾರದು.

ಜರ್ಮನಿಯ ರೀತಿ ಬೇರೆ. ಅಲ್ಲಿನ ಪ್ರಕಟಣೆಗಳಲ್ಲಿ 'ತಣ್ಣನೆಯ ಬಾಡಿಗೆ', 'ಬೆಚ್ಚನೆಯ ಬಾಡಿಗೆ' ಎಂಬ ಎರಡು ಮೊತ್ತಗಳಿರುತ್ತವೆ. ಮೊದಲನೆಯದು ಬರಿಯ ಮನೆಯದು. ಎರಡನೆಯದರಲ್ಲಿ ಮನೆಯನ್ನು ಬೆಚ್ಚಗಿಡುವ ಖರ್ಚು, ನೀರು, ಕಸ ಮುಂತಾದ ವೆಚ್ಚಗಳು ಸೇರಿರುತ್ತವೆ. ವಿದ್ಯುತ್ತಿನ ಬಿಲ್ಲು ಸಾಮಾನ್ಯವಾಗಿ ಅದರ ಹೊರಗೇ ಉಳಿಯುತ್ತದೆ. ಅನೇಕ ಮನೆಗಳಲ್ಲಿ ಅಡುಗೆಯ ಕಟ್ಟೆ, ಒಲೆ, ಬೀರುಗಳೂ ಇರುವುದಿಲ್ಲ, ಬಂದವರೇ ಹಾಕಿಸಿಕೊಳ್ಳಬೇಕು. ಠೇವಣಿಯು ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರಬಾರದೆಂದು ಕಾನೂನಿದೆ. ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕೂ ಬಾಡಿಗೆದಾರನಿಗೆ ಇದೆ. ಮನೆ ಹೊಕ್ಕ ಎರಡು ವಾರಗಳೊಳಗೆ ಪುರಸಭೆಯಲ್ಲಿ ವಿಳಾಸವನ್ನು ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿಯ ಪತ್ರ ಬೇಕು. ಆದ್ದರಿಂದ ತಾತ್ಕಾಲಿಕ ಕೊಠಡಿಯನ್ನು ಹಿಡಿಯುವಾಗಲೂ, ಆ ಪತ್ರವನ್ನು ಕೊಡುವಿರಾ ಎಂದು ಮೊದಲು ಕೇಳಬೇಕು. ಹಿಂದಿನ ಸಾಲಸೋಲಗಳ ದಾಖಲೆಯನ್ನೂ ಅಲ್ಲಿ ಕೇಳುವುದುಂಟು. ಹೊಸದಾಗಿ ಹೋದವರಿಗೆ ಅದು ಇರುವುದಿಲ್ಲವಾದ್ದರಿಂದ ಉದ್ಯೋಗದ ಪತ್ರ, ವೇತನದ ಚೀಟಿ, ಊರಿನ ಬ್ಯಾಂಕಿನ ಲೆಕ್ಕಪತ್ರಗಳನ್ನು ಒಟ್ಟುಗೂಡಿಸಿ ಮುಂದಿಡಬೇಕು.

ಇಂಗ್ಲೆಂಡಿನಲ್ಲಿ ಬಾಡಿಗೆಗೆ ಕೊಡುವ ಮುನ್ನ, ಬಂದವನಿಗೆ ದೇಶದಲ್ಲಿ ವಾಸಿಸುವ ಹಕ್ಕಿದೆಯೇ ಎಂದು ಪರಿಶೀಲಿಸುವುದು 2016ರಿಂದ ಮನೆಯ ಮಾಲೀಕನ ಹೊಣೆಯಾಗಿದೆ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿರುವ ಮನೆಗೆ ಐದು ವಾರಗಳ ಬಾಡಿಗೆಯನ್ನು ಮೀರಿದ ಠೇವಣಿಯನ್ನು ಕೇಳುವಂತಿಲ್ಲವೆಂದು 2019ರ ಕಾಯ್ದೆ ವಿಧಿಸಿದೆ. ಆ ಠೇವಣಿಯನ್ನು 30 ದಿನಗಳೊಳಗೆ ಸರಕಾರ ಮಾನ್ಯಮಾಡಿದ ರಕ್ಷಣಾ ಯೋಜನೆಯೊಂದರಲ್ಲಿ ಭದ್ರಪಡಿಸಬೇಕು. ಸ್ಥಳೀಯ ಜಾಮೀನುದಾರರಿಲ್ಲದ ಹೊಸಬರಿಂದ ಆರು ತಿಂಗಳ ಬಾಡಿಗೆಯನ್ನು ಮೊದಲೇ ಕೇಳುವ ಪರಿಪಾಠ ಅಲ್ಲಿ ಬೆಳೆದಿತ್ತು. 2025ರಲ್ಲಿ ಅಂಗೀಕಾರವಾದ ಬಾಡಿಗೆದಾರರ ಹಕ್ಕುಗಳ ಕಾಯ್ದೆಯು ಅದಕ್ಕೆ ಕಡಿವಾಣ ಹಾಕುವ ವಿಧಿಯನ್ನು ಒಳಗೊಂಡಿದೆ. ಕಾನೂನು ಬಲ್ಲವನನ್ನು ಸುಲಿಯುವುದು ಕಷ್ಟ.

ಯಾವ ದೇಶವೇ ಆಗಲಿ, ಒಂದು ಎಚ್ಚರಿಕೆಯನ್ನು ಮರೆಯಲಾಗದು. ಕಣ್ಣಾರೆ ನೋಡದ ಮನೆಗೆ, ಕೈಗೆ ಬಾರದ ಕರಾರಿಗೆ ಹಣ ಕಳಿಸಬಾರದು. ಸುಂದರವಾದ ಮನೆಯ ಚಿತ್ರಗಳನ್ನು ತೋರಿಸಿ, ಬಾಡಿಗೆ ಬಹಳ ಕಡಿಮೆಯೆಂದು ಹೇಳಿ, ತಾನು ಪರಊರಿನಲ್ಲಿ ಇರುವುದರಿಂದ ಹಣ ಸೇರಿದೊಡನೆ ಬೀಗದ ಕೈಯನ್ನು ಅಂಚೆಯಲ್ಲಿ ಕಳಿಸುವೆನೆಂದು ನಂಬಿಸುವುದು ವಂಚಕರ ಸವೆದ ದಾರಿ. ಸ್ವತಃ ಹೋಗಲಾಗದಿದ್ದರೆ ಅಲ್ಲಿರುವ ಬಂಧುಮಿತ್ರರು ಯಾರಾದರೂ ಹೋಗಿ ನೋಡಿಬರಲಿ. ದಲ್ಲಾಳಿಯ ನೋಂದಣಿಯನ್ನು ಪರಿಶೀಲಿಸಲಿ. ಮನೆ ಹೊಕ್ಕ ದಿನವೇ ಗೋಡೆ, ನೆಲ, ಕಿಟಕಿಗಳ ಸ್ಥಿತಿಯನ್ನು ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಬಿಟ್ಟುಹೋಗುವಾಗ ಠೇವಣಿಯ ಜಗಳ ಬಾರದು.

ನಮ್ಮ ತಾಯಂದಿರು ಕೇಳುವ ಪ್ರಶ್ನೆಯೊಂದಿದೆ: ಅಷ್ಟು ಸಣ್ಣ ಮನೆಯಲ್ಲಿ ಪೂಜೆಗೆ ಜಾಗವೆಲ್ಲಿ? ಇಷ್ಟಲಿಂಗ ಪೂಜೆಗೆ ಅಂಗೈಯೇ ಪೀಠ. ಪ್ರತ್ಯೇಕ ಕೋಣೆ ಇಲ್ಲವೆಂದು ಕೊರಗಬೇಕಾಗಿಲ್ಲ. ಆದರೆ ಅಲ್ಲಿನ ಮನೆಗಳ ಛಾವಣಿಯಲ್ಲಿ ಹೊಗೆಯನ್ನು ಗ್ರಹಿಸಿ ಕೂಗುವ ಯಂತ್ರಗಳಿರುತ್ತವೆ. ಧೂಪ ಹಚ್ಚುವಾಗಲೂ ಒಗ್ಗರಣೆ ಹಾಕುವಾಗಲೂ ಕಿಟಕಿ ತೆರೆದಿರಲಿ. ಗೋಡೆಗೆ ಮೊಳೆ ಹೊಡೆಯುವ ಮುನ್ನ ಕರಾರನ್ನು ಓದಿ.

ಈಗಾಗಲೇ ಅಲ್ಲಿ ನೆಲೆನಿಂತ ನಮ್ಮವರಿಗೂ ಒಂದು ಮಾತು. ಹಳ್ಳಿಯ ಬಡಮಕ್ಕಳು ಓದಲು ಪಟ್ಟಣಕ್ಕೆ ಬಂದಾಗ ನಮ್ಮ ಮಠಗಳು ಪ್ರಸಾದ ನಿಲಯಗಳನ್ನು ತೆರೆದು ಅವರಿಗೆ ಅನ್ನವನ್ನೂ ಆಶ್ರಯವನ್ನೂ ನೀಡಿದವು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಆ ಆಶ್ರಯ ಇಂದಿಗೂ ದೊರೆಯುತ್ತಿದೆ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಬಸವಣ್ಣನವರ ಪುತ್ಥಳಿ ಅನಾವರಣಗೊಂಡಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಹೊಸದಾಗಿ ಬಂದಿಳಿದ ತರುಣನಿಗೋ ದಂಪತಿಗಳಿಗೋ ಹತ್ತು ದಿನ ತಂಗಲು ಒಂದು ಕೋಣೆ, ಮನೆ ನೋಡಲು ಹೋಗುವಾಗ ಜೊತೆಗೊಬ್ಬರು, ಇವರು ನಂಬಿಗಸ್ತರು ಎಂಬ ಒಂದು ಪತ್ರ, ಇಷ್ಟು ದೊರೆತರೆ ಅದೂ ದಾಸೋಹವೇ.

ಕಡೆಗೆ, ಊರಿನಲ್ಲಿ ಮನೆಯನ್ನು ಬಾಡಿಗೆಗೆ ಕೊಡುವ ನಮ್ಮ ಬಂಧುಗಳಲ್ಲಿ ಒಂದು ವಿನಂತಿ. 1950ರ ದಶಕದಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯರು, ಕಪ್ಪುವರ್ಣೀಯರಿಗೆ ಮನೆ ಇಲ್ಲ ಎಂಬ ಬರಹವನ್ನು ಕಿಟಕಿಗಳಲ್ಲಿ ಓದಬೇಕಾಗಿತ್ತು. 1965ರಲ್ಲಿ ಬಂದ ಮೊದಲ ಕಾಯ್ದೆ ವಸತಿಯನ್ನು ಮುಟ್ಟಲಿಲ್ಲ. ಜನಾಂಗದ ಕಾರಣದಿಂದ ಮನೆ ನಿರಾಕರಿಸುವುದು ಅಲ್ಲಿ ಕಾನೂನುಬಾಹಿರವಾದದ್ದು 1968ರಲ್ಲಿ. ಅಮೇರಿಕೆಯ ನ್ಯಾಯಬದ್ಧ ವಸತಿ ಕಾಯ್ದೆಯೂ ಅದೇ ವರ್ಷದ್ದು. ನಮ್ಮ ಮಕ್ಕಳು ಇಂದು ಅಲ್ಲಿ ತಲೆಯೆತ್ತಿ ಮನೆ ಕೇಳುವುದು ಆ ಕಾನೂನುಗಳ ನೆರಳಿನಲ್ಲಿ. ಆದರೆ ನಮ್ಮ ಮಹಡಿಯ ಮನೆ ಖಾಲಿಯಿದ್ದು, ಯಾರೋ ಬಂದು ಬಾಗಿಲು ತಟ್ಟಿದಾಗ ನಾವು ಮೊದಲು ಕೇಳುವುದೇನು? ನೀವು ಯಾವ ಜನ ಎಂದಲ್ಲವೇ? ಕುಲವನ್ನು ಕೇಳದೆ ಮನುಷ್ಯನನ್ನು ತಮ್ಮವನೆಂದು ಬಗೆದ ಶರಣರ ಹೆಸರನ್ನು ನಿತ್ಯ ನೆನೆಯುವ ನಾವು ಈ ಪ್ರಶ್ನೆಯನ್ನು ಕೇಳಬಹುದೇ?

ಉದ್ಯೋಗದ ಪತ್ರವನ್ನು ಕೇಳೋಣ, ಕರಾರನ್ನು ಬರೆಸೋಣ, ಹಿಂದಿನ ಮನೆಯವರಿಂದ ವಿಚಾರಿಸೋಣ. ಅದು ಮಾಲೀಕನ ಹಕ್ಕು. ಮುಂಗಡದ ವಿಷಯದಲ್ಲಿಯೂ, ವಸತಿಗೆ ಎರಡು ತಿಂಗಳ ಬಾಡಿಗೆ ಸಾಕೆಂದು ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಸೂಚಿಸಿರುವುದನ್ನು ನೆನಪಿಡೋಣ. ಕಡಲಾಚೆಯ ಊರಿನಲ್ಲಿ ನಮ್ಮ ಮಗನೋ ಮಗಳೋ ಯಾರದೋ ಬಾಗಿಲಿನ ಮುಂದೆ ಕಾಗದಗಳನ್ನು ಹಿಡಿದು ನಿಂತಿದ್ದಾರೆ. ಆ ಬಾಗಿಲು ಹೇಗೆ ತೆರೆಯಲಿ ಎಂದು ಹಾರೈಸುತ್ತೇವೆಯೋ, ಹಾಗೆಯೇ ನಮ್ಮ ಮನೆಯ ಬಾಗಿಲನ್ನೂ ತೆರೆಯೋಣ.