ಹಿಮದಡಿಯ ಮಣ್ಣು

ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದ ಈ ದಂಡಿನಲ್ಲಿ ವಾಸಿಸುವ ನಮಗೆ ಗ್ರೀನ್‌ಲೆಂಡಿನ ಹಿಮವು ಕರಗಿದರೇನು, ಉಳಿದರೇನು ಎಂದು ಪೋಷಕರಲ್ಲಿ ಕೆಲವರು ಕೇಳುವುದುಂಟು. ಹಲಸೂರು ಕೆರೆಯ ತನಕ ಕಡಲು ಏರಿಬರಲಾರದೆಂಬುದು ನಿಜವೇ. ಆದರೆ ಮಂಗಳೂರು, ಉಡುಪಿ, ಕಾರವಾರಗಳ ಮನೆಗಳನ್ನು ಸೇರಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ನೆನೆದರೆ ಪ್ರಶ್ನೆಯು ಅಷ್ಟು ಹಗುರವಾಗಿ ತೋರದು. ರಸಲ್ ಮಾರ್ಕೆಟ್ಟಿಗೆ ಮಂಜುಗಡ್ಡೆಯಲ್ಲಿ ಹೂತು ಬರುವ ಮೀನೂ ಕಡಲತೀರದ್ದೇ ಅಲ್ಲವೆ?

ಇನ್ನೊಂದು ಮಾತನ್ನು ನಾವು ಅದಕ್ಕಿಂತಲೂ ಹೆಚ್ಚಾಗಿ ಕೇಳಿದ್ದೇವೆ: "ಹಿಮವು ಹಿಂದೆಯೂ ಕರಗಿತ್ತು, ಅದೆಲ್ಲ ಯುಗಯುಗಗಳ ನಿಧಾನದ ಕಾರ್ಯ, ನಮಗೇಕೆ ಚಿಂತೆ?" ಇದರ ಮೊದಲರ್ಧವು ಸತ್ಯ. ಉಳಿದುದನ್ನು ಭೂಗರ್ಭಶಾಸ್ತ್ರವು ಒಪ್ಪುವುದಿಲ್ಲ.

೧೯೬೬ರಲ್ಲಿ ಗ್ರೀನ್‌ಲೆಂಡಿನ ಕ್ಯಾಂಪ್ ಸೆಂಚುರಿ ಎಂಬ ಅಮೆರಿಕದ ಸೈನ್ಯದ ಬೀಡಿನಲ್ಲಿ ಸುಮಾರು ೧,೪೦೦ ಮೀಟರ್ ದಪ್ಪದ ಹಿಮವನ್ನು ಕೊರೆದು, ಅದರಡಿಯ ಮಣ್ಣನ್ನೂ ಮೇಲಕ್ಕೆತ್ತಿದರು. ಹಿಮವನ್ನು ಶ್ರದ್ಧೆಯಿಂದ ಪರೀಕ್ಷಿಸಿದರು. ಮಣ್ಣನ್ನು ಬಹುಮಟ್ಟಿಗೆ ಮರೆತರು. ಐವತ್ತು ವರ್ಷಗಳ ತರುವಾಯ ಉಗ್ರಾಣದಲ್ಲಿ ದೊರೆತ ಆ ಮಣ್ಣನ್ನು ತೊಳೆದಾಗ ಕಡ್ಡಿಗಳೂ ಎಲೆಗಳೂ ಕಾಣಿಸಿದವು! ಮಣ್ಣಿನ ಕಣಗಳು ಕಡೆಯ ಸಲ ಬಿಸಿಲನ್ನು ಕಂಡ ಕಾಲವನ್ನು ಎಣಿಸಿ, ಸುಮಾರು ೪,೧೬,೦೦೦ ವರ್ಷಗಳ ಹಿಂದೆ ಆ ನೆಲವು ಹಿಮವಿಲ್ಲದೆ ಬಯಲಾಗಿದ್ದಿತೆಂದು ೨೦೨೩ರಲ್ಲಿ ಪ್ರಕಟಿಸಿದರು. ಆಗ ಗಾಳಿಯಲ್ಲಿದ್ದ ಇಂಗಾಲಾಮ್ಲ ವಾಯುವು ಹತ್ತು ಲಕ್ಷಕ್ಕೆ ಸುಮಾರು ೨೮೦ ಭಾಗ. ಈಗ ಅದು ೪೨೦ನ್ನು ಮೀರಿದೆ. ಅಂದಿನ ಬಿಸುಪು ಸಾವಿರಾರು ವರ್ಷ ನಿಂತಿತ್ತೆಂಬುದನ್ನೂ ಹೇಳದಿದ್ದರೆ ನ್ಯಾಯವಾಗದು.

ವೇಗದ ವಿಷಯವನ್ನು ಹವಳಗಳು ತಿಳಿಸುತ್ತವೆ. ಕೆಲವು ಜಾತಿಯ ಹವಳಗಳು ಕಡಲ ಮೇಲ್ಮೈಗೆ ಸಮೀಪದಲ್ಲಿ ಮಾತ್ರ ಬೆಳೆಯುವುದರಿಂದ, ಆಳದಲ್ಲಿ ಮುಳುಗಿರುವ ಹಳೆಯ ಹವಳವು ಅಂದಿನ ನೀರಿನ ಮಟ್ಟಕ್ಕೆ ಗುರುತು. ತಾಹಿತಿ ದ್ವೀಪದ ಹವಳಗಳಿಂದ ೨೦೧೨ರಲ್ಲಿ ತಿಳಿದುಬಂದಂತೆ, ಸುಮಾರು ೧೪,೫೦೦ ವರ್ಷಗಳ ಹಿಂದೆ ಕಡಲು ೩೫೦ ವರ್ಷಗಳೊಳಗೆ ೧೪ರಿಂದ ೧೮ ಮೀಟರ್ ಏರಿತು. ಶತಮಾನಕ್ಕೆ ೪ ಮೀಟರ್! ಆ ಕಾಲದಲ್ಲಿ ಉತ್ತರ ಅಮೆರಿಕ, ಯೂರೋಪುಗಳ ಮೇಲೂ ವಿಸ್ತಾರವಾದ ಹಿಮವಿದ್ದುದರಿಂದ, ಅದೇ ವೇಗವು ಮರುಕಳಿಸುವುದೆಂದು ನಾವು ಯಾರನ್ನೂ ಹೆದರಿಸುವುದಿಲ್ಲ. ಹಿಮವು ಒಮ್ಮೊಮ್ಮೆ ನಿಧಾನವನ್ನು ಬಿಟ್ಟು ಕುಸಿಯುವುದೆಂಬುದಷ್ಟೇ ನಮ್ಮ ಮಾತು.

ಇಂತಹ ಸಾಕ್ಷ್ಯಗಳನ್ನು ಓದುವ ವಿದ್ಯೆಯು ನಮ್ಮ ಹೆಣ್ಣುಮಕ್ಕಳಿಗೆ ಬೇಡವೆ? ಸುಮಾರು ೩೦೦ ಕೋಟಿ ವರ್ಷಗಳ ಲಾಲ್‌ಬಾಗಿನ ಬಂಡೆಯು ನಮಗೆ ದೂರವಲ್ಲ. ಅದರಲ್ಲಿ ಹಿಮದ ಕಥೆಯಿಲ್ಲ, ನಿಜ. ಆದರೆ ಕಲ್ಲನ್ನು ಓದುವುದು ಅಲ್ಲಿಂದ ಮೊದಲಾಗಬಹುದು. ಅಲ್ಲಿಗೆ ಕರೆದೊಯ್ಯುವೆವೆಂದರೆ, "ಪರೀಕ್ಷೆಗೆ ಬಾರದ ಕಲ್ಲನ್ನು ನೋಡಿ ಫಲವೇನು?" ಎನ್ನುವ ಪೋಷಕರಿದ್ದಾರೆ. ೧೯೮೩ರಲ್ಲಿ ಭಾರತದ ಮೂರನೆಯ ಅಂಟಾರ್ಕ್ಟಿಕಾ ಯಾತ್ರೆಯಲ್ಲಿ ಹೊರಟ ಡಾ. ಸುದೀಪ್ತಾ ಸೇನ್‌ಗುಪ್ತ ಅವರು ಭೂಗರ್ಭಶಾಸ್ತ್ರಜ್ಞೆ. ಆ ಹಿಮಖಂಡದ ಷಿರ್ಮಾಕರ್ ಬೆಟ್ಟಗಳ ಕಲ್ಲುಗಳನ್ನೇ ಅವರು ಪರಿಶೀಲಿಸಿದರು. ಒಂಬತ್ತನೆಯ ತರಗತಿಯವರನ್ನು ವರ್ಷಕ್ಕೊಮ್ಮೆಯಾದರೂ ಲಾಲ್‌ಬಾಗಿನ ಬಂಡೆಯ ಬಳಿಗೆ ಕಳುಹಿಸಲು ಪೋಷಕರು ಅನುಮತಿಯನ್ನು ದಯಪಾಲಿಸಬೇಕೆಂದು ಕೋರುತ್ತೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಶಾಸ್ತ್ರವನ್ನು ಓದಿದವರಿದ್ದರೆ ಜೊತೆಗೆ ಬರಲಿ.