ಮರಗಳ ಲೆಕ್ಕವಾಯಿತು, ಕೆಸರಿನ ಲೆಕ್ಕ ಎಲ್ಲಿ?

ಡೊಂಬಿವಲಿಯಿಂದ ಠಾಣೆಯತ್ತ ಹೊರಟ ಲೋಕಲ್ ರೈಲು ಕೋಪರ್ ದಾಟಿ ದಿವಾ ಮುಟ್ಟುವಷ್ಟರಲ್ಲಿ ಸಿಗುವ ಸೀಮೆಯಲ್ಲಿ ಮ್ಹಾತರ್ಡಿ ಎಂಬ ಊರಿದೆ. ಮುಂಬಯಿ–ಅಹಮದಾಬಾದ್ ಬುಲೆಟ್ ರೈಲಿನ ಠಾಣೆ ನಿಲ್ದಾಣ ಬರುವುದು ಇಲ್ಲಿ. ಹೆಸರಿಗೆ ಠಾಣೆ, ಹತ್ತಿರವಾಗುವುದು ದಿವಾ, ಡೊಂಬಿವಲಿಯವರಿಗೆ. 508 ಕಿ.ಮೀ. ಉದ್ದದ ಈ ಮಾರ್ಗವನ್ನು ಸಮರ್ಥಿಸುವವರು ವೇಗದ ಜತೆಗೆ ಇನ್ನೊಂದು ಮಾತನ್ನೂ ತಪ್ಪದೆ ಹೇಳುತ್ತಾರೆ: ವಿಮಾನ, ಕಾರುಗಳಿಗಿಂತ ಇದು ಪರಿಸರಕ್ಕೆ ಹಗುರ. ಆ ಹಗುರವಾದ ರೈಲಿಗಾಗಿ ಮೊದಲ ನಕ್ಷೆಯ ಪ್ರಕಾರ ಉರುಳಬೇಕಾಗಿದ್ದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂಖ್ಯೆ 53 ಸಾವಿರ ಮೀರಿತ್ತು.

ಅಷ್ಟೂ ಉರುಳಲಿಲ್ಲ. 2019ರಲ್ಲಿ ಠಾಣೆ ನಿಲ್ದಾಣದ ವಿನ್ಯಾಸವನ್ನು ತಿದ್ದಿದರು. ಪಾರ್ಕಿಂಗ್ ಜಾಗ, ಪ್ರಯಾಣಿಕರ ಸೌಕರ್ಯದ ಕಟ್ಟಡಗಳನ್ನು ಕಾಂಡ್ಲಾ ವನದಿಂದ ಆಚೆಗೆ ಸರಿಸಿದರು. ನಿಲ್ದಾಣ ಇದ್ದಲ್ಲೇ ಇತ್ತು. ನಾಶವಾಗಬೇಕಿದ್ದ ಜಾಗ ಮಾತ್ರ 12 ಹೆಕ್ಟೇರ್‌ನಿಂದ 3 ಹೆಕ್ಟೇರ್‌ಗೆ ಇಳಿಯಿತು. ಅಂದರೆ ಮೊದಲ ನಕ್ಷೆಯಲ್ಲಿ ಒಂಬತ್ತು ಹೆಕ್ಟೇರ್ ಕಾಂಡ್ಲಾ ಹೋಗುತ್ತಿದ್ದುದು ರೈಲಿಗಾಗಿ ಅಲ್ಲ, ಕಾರು ನಿಲ್ಲಿಸುವಂಥ ಅನುಕೂಲಗಳಿಗಾಗಿ! ಕೇಳುವವರು ಇಲ್ಲದಿದ್ದರೆ ಆ ನಕ್ಷೆಯೇ ಖಾಯಂ ಆಗುತ್ತಿತ್ತು.

ಕೇಳುವವರಿಗೆ ಬಲ ಬಂದದ್ದು ನ್ಯಾಯಾಲಯದಿಂದ. ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಹೂಡಿದ್ದ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟು, ಮಹಾರಾಷ್ಟ್ರದಲ್ಲಿ ಕಾಂಡ್ಲಾ ನಾಶವನ್ನು ನಿಷೇಧಿಸಿತು. ಸಾರ್ವಜನಿಕ ಹಿತಕ್ಕೆ ಅನಿವಾರ್ಯವೆಂದು ಕೋರ್ಟಿಗೇ ಮನವರಿಕೆಯಾದರೆ ಮಾತ್ರ ಕೊಡಲಿ ಎತ್ತಬಹುದು. ಹಾಗಾಗಿ ಬುಲೆಟ್ ರೈಲು ಕಟ್ಟುವ ನಿಗಮವೂ ಅರ್ಜಿ ಹಿಡಿದು ಹೋಗಬೇಕಾಯಿತು. 2022ರ ಡಿಸೆಂಬರ್ 9ರಂದು ಅನುಮತಿ ಸಿಕ್ಕಾಗ ಸಂಖ್ಯೆ 22 ಸಾವಿರದ ಆಸುಪಾಸಿಗೆ ಇಳಿದಿತ್ತು. ಕಡಿದ ಒಂದಕ್ಕೆ ಐದು ಸಸಿ ನೆಡುತ್ತೇವೆ ಎಂಬುದು ನಿಗಮದ ಭರವಸೆ. ನೆಟ್ಟ ಸಸಿಗಳಲ್ಲಿ ಬದುಕುವುದೆಷ್ಟು ಎಂಬ ಅಧ್ಯಯನವೇ ಆಗಿಲ್ಲ ಎಂದು ಆಕ್ಷನ್ ಗ್ರೂಪ್ ಎತ್ತಿದ ಆಕ್ಷೇಪ ಕೋರ್ಟಿನಲ್ಲಿ ನಿಲ್ಲಲಿಲ್ಲ.

ಇಷ್ಟೆಲ್ಲ ವಾದ–ವಿವಾದದಲ್ಲಿ ಎಣಿಕೆಗೆ ಬಂದದ್ದು ಗಿಡ, ಸಸಿ, ಹೆಕ್ಟೇರ್. ಗಿಡ ನಿಂತಿರುವ ಕೆಸರಿನಲ್ಲಿ ಏನಿದೆ ಎಂಬ ಪ್ರಶ್ನೆ ಚರ್ಚೆಯ ನಡುವಿಗೆ ಬರಲೇ ಇಲ್ಲ. ಹವಾಮಾನದ ಹೆಸರು ಹೇಳಿ ತರುವ ಯೋಜನೆಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಕುಂದಾಪುರ, ಹೊನ್ನಾವರದ ಕಡೆಯಿಂದ ಬಂದು ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದವರಿಗೆ ಕಾಂಡ್ಲಾ ಹೊಸತಲ್ಲ. ಇಳಿತದ ಹೊತ್ತಿನಲ್ಲಿ ಐರೋಲಿಯ ಖಾಡಿ (ಕಡಲ ಹಿನ್ನೀರು) ದಂಡೆಗೆ ಹೋದರೆ ಅದರ ಬುಡ ಕಾಣುತ್ತದೆ. ಕೆಸರಿನಿಂದ ಪೆನ್ಸಿಲಿನಂತೆ ಮೇಲೆದ್ದ ಸಾವಿರಾರು ಉಸಿರು ಬೇರುಗಳು, ಅವುಗಳ ನಡುವೆ ಓಡಾಡುವ ಏಡಿಗಳು, ನೀರಿಲ್ಲದೆಯೂ ನೆಗೆದಾಡುವ ಕೆಸರು ಮೀನು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆಯಲ್ಲಿ ಪಾಲಿಕೆಗಳ ಕೊಳಚೆಯ ಪಾಲೂ ಇದೆ, ಸುಳ್ಳಲ್ಲ. ಆದರೆ ಕೊಳಚೆ ಸೇರದ ಕಾಂಡ್ಲಾ ಕೆಸರೂ ಹಾಗೇ ನಾರುತ್ತದೆ. ಅದು ಗಾಳಿಯಾಡದ ಮಣ್ಣಿನ ಗುರುತು. ಗಾಳಿಯಾಡದ ಕಡೆ ಎಲೆ, ಬೇರು ಬೇಗ ಕೊಳೆಯುವುದಿಲ್ಲ. ಉಪ್ಪಿನಕಾಯಿ ಭರಣಿಯಂತೆ, ಬಾಯಿ ಮುಚ್ಚಿರುವ ತನಕ ಒಳಗಿನದು ಕೆಡುವುದಿಲ್ಲ. ಅಗೆದು, ನೀರು ಬಸಿದು ಗಾಳಿ ಸೋಕಿಸಿದರೆ ನೂರಾರು ವರ್ಷ ಕೂಡಿಟ್ಟ ಇಂಗಾಲ ಹೊಗೆಯಾಗಿ ಹೊರಡುತ್ತದೆ.

ಎಷ್ಟು ಇಂಗಾಲ? ಡೇನಿಯಲ್ ಡೊನಾಟೊ ಮತ್ತು ಸಂಗಡಿಗರು ಹಿಂದೂ ಮಹಾಸಾಗರ–ಪೆಸಿಫಿಕ್ ವಲಯದ 25 ಕಾಂಡ್ಲಾ ವನಗಳಲ್ಲಿ ಅಳೆದು 2011ರಲ್ಲಿ ಕೊಟ್ಟ ಸರಾಸರಿ, ಹೆಕ್ಟೇರ್‌ಗೆ ಸುಮಾರು 1,000 ಟನ್. ಅದರ ಬಹುಪಾಲು ಇದ್ದದ್ದು ಮಣ್ಣಿನಲ್ಲಿ, ಕೊಂಬೆಯಲ್ಲಲ್ಲ. ಠಾಣೆ ಖಾಡಿಯಲ್ಲೂ ಅಷ್ಟೇ ಇರಬೇಕೆಂದಿಲ್ಲ. ಜಾಗದಿಂದ ಜಾಗಕ್ಕೆ ಇದು ಬಹಳ ವ್ಯತ್ಯಾಸವಾಗುತ್ತದೆ. ಆ ಕಾರಣಕ್ಕೇ ಪ್ರತಿ ಯೋಜನೆಯಲ್ಲೂ ಅಳೆಯಬೇಕು ಎನ್ನುವುದು. ಕಾಂಡ್ಲಾ ಕೆಸರು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಒಂದಕ್ಕೆ ಐದಲ್ಲ, ಐವತ್ತು ಸಸಿ ನೆಟ್ಟರೂ ಒಂದು ಮೀಟರ್ ದಪ್ಪದ ಕೆಸರು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕೂಡಿಬರುವುದಿಲ್ಲ.

ಇದೇ ಜಗಳವನ್ನು ಯುರೋಪಿನವರು ಇಪ್ಪತ್ತು ವರ್ಷದಿಂದ ಆಡುತ್ತಿದ್ದಾರೆ. ಅಲ್ಲಿ ಕಾಂಡ್ಲಾದ ಜಾಗದಲ್ಲಿ ಪೀಟ್ ನೆಲ, ರೈಲಿನ ಜಾಗದಲ್ಲಿ ಗಾಳಿಯಂತ್ರ. ಪಾಚಿ, ಹುಲ್ಲು ಸಾವಿರಾರು ವರ್ಷ ನೀರಲ್ಲಿ ನೆನೆದು, ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಕಪ್ಪು ಮಣ್ಣು ಪೀಟ್. ಭೂಮಿಯ ನೆಲದಲ್ಲಿ ಅದರ ಪಾಲು ಶೇ. 3ರಷ್ಟು ಮಾತ್ರ, ಹಿಡಿದಿಟ್ಟಿರುವ ಇಂಗಾಲವೋ ಜಗತ್ತಿನ ಎಲ್ಲ ಕಾಡುಗಳದ್ದಕ್ಕಿಂತ ಹೆಚ್ಚು. ನಮ್ಮಲ್ಲಿ ಪೀಟ್ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ. ನೀಲಗಿರಿಯ ಪೀಟ್ ಪದರಗಳನ್ನು ಓದಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 20,000 ವರ್ಷಗಳ ಮುಂಗಾರಿನ ಏರಿಳಿತವನ್ನು 1993ರಲ್ಲಿ ಬರೆದರು.

ಐರ್ಲೆಂಡಿನ ಗಾಲ್ವೇ ಸೀಮೆಯ ಡೆರಿಬ್ರಿಯನ್ ಕಥೆಯನ್ನು ನಮ್ಮ ಎಂಜಿನಿಯರುಗಳೂ ನ್ಯಾಯಾಧೀಶರೂ ಓದಬೇಕು. ಬೆಟ್ಟದ ಮೇಲಿನ ಪೀಟ್ ನೆಲದಲ್ಲಿ 70 ಗಾಳಿಯಂತ್ರ ನಿಲ್ಲಿಸುವ ಕೆಲಸ ಶುರುವಾಗಿತ್ತು. ಸರಿಯಾದ ಪರಿಸರ ಪರಿಣಾಮ ಅಧ್ಯಯನ ಆಗಿರಲಿಲ್ಲ. ಗಾಳಿಯಿಂದ ವಿದ್ಯುತ್ ಅಂದಮೇಲೆ ಪರಿಸರಕ್ಕೆ ಒಳ್ಳೆಯದೇ ತಾನೆ? 2003ರ ಅಕ್ಟೋಬರ್‌ನಲ್ಲಿ ಬೆಟ್ಟದ ಮಗ್ಗುಲೇ ಜಾರಿತು. ಸುಮಾರು ನಾಲ್ಕೂವರೆ ಲಕ್ಷ ಘನ ಮೀಟರ್ ಪೀಟ್ ಇಳಿದು ಹೊಳೆ ಸೇರಿತು, ಮೀನುಗಳು ರಾಶಿ ರಾಶಿ ಸತ್ತವು. ಆದರೂ ಯಂತ್ರಗಳನ್ನು ನೆಟ್ಟೇಬಿಟ್ಟರು. ಯುರೋಪಿನ ನ್ಯಾಯಾಲಯ 2008ರಲ್ಲಿ ಐರ್ಲೆಂಡಿನದೇ ತಪ್ಪೆಂದಿತು. ಸರಕಾರ ಅಲುಗಾಡಲಿಲ್ಲ. 2019ರಲ್ಲಿ 50 ಲಕ್ಷ ಯೂರೋ ದಂಡ, ತಪ್ಪು ಸರಿಪಡಿಸುವವರೆಗೆ ದಿನಕ್ಕೆ 15,000 ಯೂರೋ. 2022ರಲ್ಲಿ ಯಂತ್ರಗಳನ್ನು ಶಾಶ್ವತವಾಗಿ ಬಂದ್ ಮಾಡುವ ತೀರ್ಮಾನವಾಯಿತು. ಅಷ್ಟರಲ್ಲಿ ಒಟ್ಟು ದಂಡ 1.7 ಕೋಟಿ ಯೂರೋ ದಾಟಿತ್ತು. ಮೊದಲೇ ಅಧ್ಯಯನ ಮಾಡಿಸಿದ್ದರೆ ಇದರ ಚೂರು ಪಾಲೂ ಖರ್ಚಾಗುತ್ತಿರಲಿಲ್ಲ.

ಪಕ್ಕದ ಸ್ಕಾಟ್‌ಲೆಂಡ್ ಬೇರೆ ದಾರಿ ಹಿಡಿಯಿತು. ಪೀಟ್ ನೆಲದಲ್ಲಿ ಗಾಳಿಯಂತ್ರ ಬೇಡವೇ ಬೇಡ ಎನ್ನಲಿಲ್ಲ. ಶೆಟ್‌ಲೆಂಡ್ ದ್ವೀಪದಲ್ಲಿ ಪೀಟ್ ಮೇಲೆಯೇ 103 ಯಂತ್ರಗಳ ವೈಕಿಂಗ್ ಯೋಜನೆ 2024ರಲ್ಲಿ ಶುರುವಾಗಿದೆ, ಅಲ್ಲಿನವರ ಸಿಟ್ಟೂ ಆರಿಲ್ಲ. ಆದರೆ 2008ರಲ್ಲೇ ಆ ಸರಕಾರ ಲೆಕ್ಕದ ಒಂದು ವಿಧಾನವನ್ನು ಮುಂದಿಟ್ಟಿತು. ಎಷ್ಟು ಪೀಟ್ ಅಗೆಯುತ್ತೀರಿ, ಸುತ್ತಲಿನ ನೆಲ ಎಷ್ಟು ಒಣಗುತ್ತದೆ, ಅದರಿಂದ ಎಷ್ಟು ಇಂಗಾಲ ಹೊರಬೀಳುತ್ತದೆ, ಆ ಸಾಲವನ್ನು ಗಾಳಿಯ ವಿದ್ಯುತ್ ಎಷ್ಟು ವರ್ಷದಲ್ಲಿ ತೀರಿಸುತ್ತದೆ? ದೊಡ್ಡ ಯೋಜನೆಯವರು ಅರ್ಜಿಯ ಜತೆಗೇ ಇದಕ್ಕೆ ಉತ್ತರ ಕೊಡಬೇಕು. ಆ ಲೆಕ್ಕದಲ್ಲಿ ಎಷ್ಟೋ ಯೋಜನೆ ಗೆಲ್ಲುತ್ತವೆ. ಗೆಲ್ಲಲಿ.

ಭಾರತದಲ್ಲಿ ಅಂಥ ಪ್ರಶ್ನೆ ಕೇಳಲು ಕಿಂಡಿಯೇ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗವಿಲ್ಲ, ಗಾಳಿಯಂತ್ರವಿಲ್ಲ, ವಿದ್ಯುತ್ ಮಾರ್ಗವೂ ಇಲ್ಲ. ಗದಗ, ಚಿತ್ರದುರ್ಗದ ಗುಡ್ಡಗಳ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳಿಗೂ ಆ ಅಧಿಸೂಚನೆಯಡಿ ಅನುಮತಿ ಬೇಕಿಲ್ಲ. ಅರಣ್ಯ ಭೂಮಿಯಾದರೆ ಅರಣ್ಯ ಇಲಾಖೆ, ಕಡಲ ದಂಡೆಯಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ. ಅಲ್ಲಿಗೆ ಬರುವ ಕಾಗದದಲ್ಲೂ ಮತ್ತೆ ಅದೇ ಮರದ ಎಣಿಕೆ.

ವಿದ್ಯುತ್ತಿನ ಮಾತು ಬಂತು. 2020ರ ಅಕ್ಟೋಬರ್ 12ರಂದು ಕಳವಾ–ಪಡಘಾ ಮಾರ್ಗ ಕೈಕೊಟ್ಟು ಮುಂಬಯಿ, ಠಾಣೆ, ನವಿಮುಂಬಯಿ ಕತ್ತಲಾದದ್ದು, ಲೋಕಲ್‌ಗಳು ಹಳಿಯ ಮೇಲೇ ನಿಂತದ್ದು ಇಲ್ಲಿನವರು ಮರೆತಿಲ್ಲ. ನಗರಕ್ಕೆ ಹೊರಗಿನಿಂದ ಇನ್ನಷ್ಟು ವಿದ್ಯುತ್ ತರುವ ಹೊಸ ಮಾರ್ಗ ಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಅಂಥದ್ದೇ ಒಂದು, ಪಾಲ್ಘರ್ ಜಿಲ್ಲೆಯ ಕುಡುಸ್‌ನಿಂದ ಮುಂಬಯಿಯ ಆರೆಗೆ ಬರುವ 1,000 ಮೆಗಾವ್ಯಾಟ್ ಮಾರ್ಗ. ಅದಕ್ಕಾಗಿ 209 ಕಾಂಡ್ಲಾ ಗಿಡ ಕಡಿಯಲು ಹೈಕೋರ್ಟ್ 2025ರ ಜುಲೈನಲ್ಲಿ ಒಪ್ಪಿತು. 209 ಎಂದರೆ ಸಣ್ಣ ಸಂಖ್ಯೆ. ರೈಲಿಗೆ 22 ಸಾವಿರವೂ ಒಂದೇ ಯೋಜನೆಯ ಲೆಕ್ಕದಲ್ಲಿ ಸಣ್ಣದೇ. ಅರ್ಜಿಗಳು ಬಿಡಿಬಿಡಿಯಾಗಿ ಬರುತ್ತವೆ, ತೀರ್ಪೂ ಬಿಡಿಬಿಡಿ. ಖಾಡಿ ಮಾತ್ರ ಇಡಿಯಾಗಿ ಕರಗುತ್ತದೆ.

ಹಾಗೆಂದು ದಾರಿಗಳಿಲ್ಲವೆ? ಇದೇ ಬುಲೆಟ್ ರೈಲಿನವರು ಇನ್ನೊಂದೆಡೆ ದಾರಿ ಕಂಡುಕೊಂಡಿದ್ದಾರೆ. ಬಾಂದ್ರಾ ಕುರ್ಲಾ ಸಂಕುಲದಿಂದ ಶಿಲ್‌ಫಾಟಾ ವರೆಗಿನ 21 ಕಿ.ಮೀ. ಸುರಂಗದಲ್ಲಿ 7 ಕಿ.ಮೀ. ಠಾಣೆ ಖಾಡಿಯ ಅಡಿಯಲ್ಲಿ ಹೋಗುತ್ತದೆ. ಮೇಲಿರುವುದು 2015ರಲ್ಲಿ ಘೋಷಣೆಯಾದ ಫ್ಲೆಮಿಂಗೊ ಅಭಯಾರಣ್ಯ, 2022ರಿಂದ ರಾಮ್ಸಾರ್ ತಾಣ. ಸೇತುವೆ ಕಟ್ಟಿದ್ದರೆ ಅಗ್ಗವಾಗುತ್ತಿತ್ತು. ಹಕ್ಕಿಗಳಿಗೂ ಕಾಂಡ್ಲಾಕ್ಕೂ ತೊಂದರೆಯಾಗದಿರಲಿ ಎಂದೇ ಸುರಂಗ ಆರಿಸಿಕೊಂಡದ್ದಾಗಿ ನಿಗಮ ಹೇಳುತ್ತದೆ. ಮೆಚ್ಚಬೇಕಾದ್ದೇ. ಗುಲಾಬಿ ಹಕ್ಕಿಗೆ ಸಿಕ್ಕಿದ ಮರ್ಯಾದೆ ಕಪ್ಪು ಕೆಸರಿಗೂ ಸಿಗಲಿ ಎನ್ನುವುದಷ್ಟೇ ತಕರಾರು.

ಹಕ್ಕಿಗಾದರೂ ಎಲ್ಲ ಕಡೆ ಮರ್ಯಾದೆ ಸಿಕ್ಕಿದೆ ಎನ್ನುವಂತಿಲ್ಲ. ನೆರೂಳಿನ ಡಿಪಿಎಸ್ ಕೆರೆಗೆ ಉಬ್ಬರದ ನೀರು ಬರುವ ದಾರಿ ಮುಚ್ಚಿಹೋಗಿ, 2024ರ ಬೇಸಿಗೆಯಲ್ಲಿ ಅಲ್ಲಿ ಫ್ಲೆಮಿಂಗೊಗಳು ಸತ್ತವು. ಹತ್ತಿರದ ಜೆಟ್ಟಿಯ ಕಾಮಗಾರಿಯತ್ತ ಪರಿಸರವಾದಿಗಳು ಬೆರಳು ತೋರಿದರು. ವಾಹನ ದಟ್ಟಣೆ ತಗ್ಗಿಸುವ ಜಲಸಾರಿಗೆಗೆಂದು ಕಟ್ಟಿದ ಜೆಟ್ಟಿ ಅದು! ಜನ ಬಿಡದೆ ಹಿಂದೆ ಬಿದ್ದ ಮೇಲೆ 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಕೆರೆಯನ್ನು ಸಂರಕ್ಷಿತ ಮೀಸಲು ಮಾಡಲು ಒಪ್ಪಿತು.

ರೈಲು ಬೇಡ, ವಿದ್ಯುತ್ ಬೇಡ ಎಂದು ಡೊಂಬಿವಲಿಯವರು ಹೇಳಲಾರರು. ಬೆಳಗ್ಗೆ ಎಂಟರ ಲೋಕಲ್‌ನಲ್ಲಿ ಬಾಗಿಲಿಗೆ ಜೋತುಬಿದ್ದವರಿಗೆ ಹೊಸ ಹಳಿ ಎಷ್ಟು ಬಂದರೂ ಸಾಲದು. ಹಾಗೆಯೇ 2005ರ ಜುಲೈ 26ರ ನೆರೆಯಲ್ಲಿ ಉಲ್ಹಾಸ್ ನದಿ ಉಕ್ಕಿ ಮನೆಯೊಳಗೆ ಬಂದುದನ್ನು ಕಂಡ ಕಲ್ಯಾಣದವರಿಗೆ ಖಾಡಿ ದಂಡೆಯ ಮೆತ್ತನೆಯ ನೆಲದ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ. ಎರಡೂ ಬೇಕಾದವರು ಇವರೇ ಆದ್ದರಿಂದ ಪ್ರಾಮಾಣಿಕ ಲೆಕ್ಕ ಕೇಳುವ ಹಕ್ಕೂ ಇವರದೇ.

ಕಾನೂನು ತಿದ್ದುವವರೆಗೆ ಕಾಯಬೇಕಾಗಿಲ್ಲ. 2018ರ ತೀರ್ಪಿನಿಂದಾಗಿ ಕಾಂಡ್ಲಾ ಮುಟ್ಟುವ ಪ್ರತಿ ಯೋಜನೆಯೂ ಹೈಕೋರ್ಟಿನ ಬಾಗಿಲು ತಟ್ಟಲೇಬೇಕು. ಎಷ್ಟು ಆಳಕ್ಕೆ ಅಗೆಯುತ್ತೀರಿ, ಆ ಮಣ್ಣಿನಲ್ಲಿ ಇಂಗಾಲ ಎಷ್ಟಿದೆ, ಅಗೆದ ಕೆಸರನ್ನು ಎಲ್ಲಿ ಹಾಕುತ್ತೀರಿ, ಆ ನಷ್ಟ ತೀರಲು ಎಷ್ಟು ವರ್ಷ ಬೇಕು ಎಂಬ ನಾಲ್ಕು ಪ್ರಶ್ನೆಗೆ ಉತ್ತರವಿಲ್ಲದ ಅರ್ಜಿಯನ್ನು, ಅದು ಬುಲೆಟ್ ರೈಲಿನದ್ದಿರಲಿ, ಹಸಿರು ವಿದ್ಯುತ್ತಿನದ್ದಿರಲಿ, ನ್ಯಾಯಾಲಯ ವಾಪಸ್ ಕಳಿಸಬೇಕು.