ತಡೆದರೆ ಕಾರಣ ಬರೆದು ಕೊಡಿ



ಪ್ರತಿ ಜಿಲ್ಲೆಯೂ ರಫ್ತು ಕೇಂದ್ರವಾಗಬೇಕು ಎಂದು ಪ್ರಧಾನಿಯವರು 2019ರ ಸ್ವಾತಂತ್ರ್ಯೋತ್ಸವದ ಭಾಷಣದಲ್ಲಿ ಹೇಳಿದ್ದರು. ಸಣ್ಣ ಬೆಳೆಗಾರರು, ಸ್ವಸಹಾಯ ಸಂಘದವರು ನೇರವಾಗಿ ಹೊರದೇಶಕ್ಕೆ ಮಾಲು ಕಳಿಸಬಹುದು ಎಂಬ ಮಾತನ್ನು ಅಲ್ಲಿಂದೀಚೆಗೆ ಅಧಿಕಾರಿಗಳ ಬಾಯಲ್ಲಿ ಕೇಳುತ್ತಲೇ ಇದ್ದೇವೆ. ಕಳಿಸುವಂಥ ಮಾಲು ನೀಲಗಿರಿಯಲ್ಲಿ ಬೇಕಾದಷ್ಟಿದೆ. ಕೂನೂರಿನಲ್ಲಿ 1963ರಿಂದ ಚಹಾ ಹರಾಜು ನಡೆಯುತ್ತಿದೆ. ಗೂಡಲೂರು ಸೀಮೆಯ ಕಾಳುಮೆಣಸು, ಕಾಫಿ ಎಲ್ಲರಿಗೂ ಗೊತ್ತಿರುವುದೇ. ತೋಡರ ಕಸೂತಿಗೆ 2013ರಲ್ಲೇ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆದರೂ ಮಸಿನಗುಡಿ, ಮಾವನಲ್ಲ ಕಡೆಯ ಸಣ್ಣ ಬೆಳೆಗಾರರು ಒಂದು ಪಾರ್ಸೆಲ್ ಮೆಣಸನ್ನು ಹೊರದೇಶಕ್ಕೆ ಕಳಿಸಲು ಹೊರಟರೆ ಕಸ್ಟಮ್ಸ್ ಬಾಗಿಲಲ್ಲಿ ಸಿಕ್ಕಿಬೀಳುತ್ತಾರೆ.

ಕಸ್ಟಮ್ಸ್ ಎಂದರೆ ಸುಂಕ ಕಟ್ಟುವುದು ಎಂದೇ ಹಲವರ ತಿಳಿವಳಿಕೆ. ಚಹಾಕ್ಕಾಗಲಿ ಮೆಣಸಿಗಾಗಲಿ ರಫ್ತು ಸುಂಕವೇ ಇಲ್ಲ. ಅಲ್ಲಿ ನೋಡುವುದು ಕಾಗದ: ಮಾಲು ಯಾವುದು, ಬೆಲೆ ಎಷ್ಟು, ಕಳಿಸುವವರು ಯಾರು, ಹಣ ಯಾವ ಬ್ಯಾಂಕಿಗೆ ಬರುತ್ತದೆ. ಇದಕ್ಕೆ ಮೊದಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವಾದ ಡಿಜಿಎಫ್‌ಟಿಯಿಂದ ಆಮದು-ರಫ್ತು ಕೋಡ್ ಪಡೆಯಬೇಕು. ಶುಲ್ಕ 500 ರೂಪಾಯಿ, ಮನೆಯಿಂದಲೇ ಆನ್‌ಲೈನಿನಲ್ಲಿ ಮಾಡಿಕೊಳ್ಳಬಹುದು. ಮೆಣಸಾದರೆ ಸಂಬಾರ ಮಂಡಳಿಯ ನೋಂದಣಿ, ಚಹಾ ಆದರೆ ಚಹಾ ಮಂಡಳಿಯ ರಫ್ತು ಪರವಾನಗಿ. ಇಷ್ಟನ್ನೂ ನಮ್ಮವರು ಅಲ್ಲಿ ಇಲ್ಲಿ ಕೇಳಿ ತಿಳಿದು ಮಾಡಿಸಿಕೊಳ್ಳುತ್ತಾರೆ. ತೊಡಕು ಶುರುವಾಗುವುದು ಆಮೇಲೆ.

ಕಾಗದದಲ್ಲಿ ಪ್ರತಿ ಮಾಲಿಗೂ ಅದರ ಬಗೆ ತಿಳಿಸುವ ಅಂಕಿ ಬರೆಯಬೇಕು. ಇಡೀ ಕಾಳುಮೆಣಸಿಗೆ ಎಚ್‌ಎಸ್ ಕೋಡ್ 0904 11. ಅದೇ ಮೆಣಸನ್ನು ಪುಡಿ ಮಾಡಿದರೆ 0904 12. ಮೂರು ಕಿಲೋ ಮೀರದ ಪೊಟ್ಟಣದ ಕಪ್ಪು ಚಹಾಕ್ಕೆ 0902 30, ಅದಕ್ಕಿಂತ ದೊಡ್ಡ ಚೀಲಕ್ಕೆ 0902 40. ನಮ್ಮಲ್ಲಿ ಇದರ ಮುಂದೆ ಇನ್ನೆರಡು ಅಂಕಿ ಸೇರಿಸಿ ಒಟ್ಟು ಎಂಟು ಅಂಕಿ ಬರೆಯಬೇಕು. ಇದು ಕ್ಲಿಯರಿಂಗ್ ಏಜೆಂಟರಿಗೆ ನಿತ್ಯದ ಕೆಲಸ, ಮೊದಲ ಸಲ ಕಳಿಸುವವರಿಗೆ ಕಗ್ಗಂಟು. ನಮ್ಮ ಕಡೆಯ ಒಂದು ಮಹಿಳಾ ಸಂಘದವರು ಕಾಳು, ಪುಡಿ ಎರಡನ್ನೂ ಒಂದೇ ಡಬ್ಬದಲ್ಲಿ ಇಟ್ಟು ಒಂದೇ ಕೋಡಿನಲ್ಲಿ ಬರೆದು ಕಳಿಸಿದ್ದರು. ಪಾರ್ಸೆಲ್ ನಿಂತಿತು. ಸಿಕ್ಕ ಉತ್ತರ "ದಾಖಲೆ ಸರಿಯಿಲ್ಲ" ಎಂಬುದಷ್ಟೇ. ಯಾವ ದಾಖಲೆ, ಯಾವ ಸಾಲು, ತಿದ್ದುವುದು ಹೇಗೆ ಎಂದು ಹೇಳುವವರಿಲ್ಲ. ಬುಕ್ ಮಾಡಿದ ಕೌಂಟರಿನವರು ಕಸ್ಟಮ್ಸ್ ಕಡೆ ಕೈ ತೋರಿಸಿದರು, ಅಲ್ಲಿಗೆ ಫೋನ್ ಮಾಡಿದರೆ ಬುಕ್ ಮಾಡಿದಲ್ಲೇ ಕೇಳಿ ಎಂದರು. ಕೊನೆಗೆ ಬಲ್ಲವರೊಬ್ಬರು ಇನ್‌ವಾಯ್ಸ್ ನೋಡಿ ತಪ್ಪು ತೋರಿಸಿದ ಮೇಲೆ ತಿದ್ದುವುದು ಕ್ಷಣದ ಕೆಲಸವಾಯಿತು. ಅಷ್ಟರಲ್ಲಿ ಕೊಳ್ಳುವವರು ಬೇರೆ ಕಡೆ ಖರೀದಿ ಮಾಡಿಯಾಗಿತ್ತು.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 2022ರ ಡಿಸೆಂಬರಿನಲ್ಲಿ ಅಂಚೆ ರಫ್ತಿಗೆ ಹೊಸ ನಿಯಮ ಬಂತು. ಡಾಕ್ ಘರ್ ನಿರ್ಯಾತ್ ಕೇಂದ್ರದ ವ್ಯವಸ್ಥೆಯಲ್ಲಿ ಘೋಷಣೆಯನ್ನು ಆನ್‌ಲೈನಿನಲ್ಲಿ ತುಂಬಿ ಹತ್ತಿರದ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕೊಟ್ಟರೆ ಸಾಕು, ಕಸ್ಟಮ್ಸ್ ಇರುವ ಫಾರಿನ್ ಪೋಸ್ಟ್ ಆಫೀಸಿಗೆ ನಾವು ಹೋಗಬೇಕಿಲ್ಲ. ಘಟ್ಟ ಇಳಿದು ಹೋಗುವ ಖರ್ಚು, ದಿನಗೂಲಿ ಎರಡೂ ಉಳಿಯುವ ಒಳ್ಳೆಯ ಯೋಜನೆ ಇದು. ಆದರೆ ಪಾರ್ಸೆಲ್ ಬೆಟ್ಟದಿಂದ ಇಳಿದಷ್ಟು ಸುಲಭವಾಗಿ ಅದಕ್ಕೆ ಸಂಬಂಧಿಸಿದ ಪ್ರಶ್ನೆ ಬೆಟ್ಟ ಹತ್ತಿ ಬರುವುದಿಲ್ಲ.

ಅಂಚೆಯನ್ನೇ ನಂಬಿದವರಿಗೆ ಬೇರೆ ದಾರಿಯಿಲ್ಲ ಎಂಬುದನ್ನೂ ಗಮನಿಸಬೇಕು. 800 ಡಾಲರಿನೊಳಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದಾಗ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಮಾಲಿನ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಮತ್ತೆ ಶುರುವಾದದ್ದು ಅಕ್ಟೋಬರ್ ಮಧ್ಯದಲ್ಲಿ. ಕೊಚ್ಚಿಯಿಂದ, ತೂತ್ತುಕುಡಿಯಿಂದ ಕಂಟೇನರ್ ಕಳಿಸುವ ದೊಡ್ಡವರಿಗೆ ಏಜೆಂಟರಿದ್ದಾರೆ, ವಕೀಲರಿದ್ದಾರೆ. ಡಬ್ಬದಲ್ಲಿ ಕಳಿಸುವವರಿಗೆ ಇರುವುದು ಅಂಚೆಯ ಕೌಂಟರ್ ಒಂದೇ. ಅಲ್ಲಿ ಮಾಹಿತಿ ಇಲ್ಲದಿದ್ದರೆ ವ್ಯಾಪಾರವೂ ಇಲ್ಲ.

ತಪಾಸಣೆ ಬೇಡ ಎಂಬುದು ನನ್ನ ವಾದವಲ್ಲ. ಮುದುಮಲೆ ಹುಲಿ ಮೀಸಲು ಕಾಡಿನ ಮಗ್ಗುಲಲ್ಲಿ ಬದುಕುವ ನಮಗೆ ಅದರ ಅಗತ್ಯ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಶ್ರೀಗಂಧವೋ ಆನೆದಂತವೋ ಮೆಣಸಿನ ಹೆಸರಿನಲ್ಲಿ ಹೊರಹೋಗಬಾರದು. ಅನುಮಾನ ಬಂದ ಡಬ್ಬವನ್ನು ಬಿಚ್ಚಿ ನೋಡಲಿ, ತಪ್ಪಿದ್ದರೆ ತಡೆಯಲಿ. ಆದರೆ ಕಳ್ಳಸಾಗಣೆಯನ್ನೂ ಕೋಡಿನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲನೆಯದಕ್ಕೆ ಶಿಕ್ಷೆ ಆಗಲಿ, ಎರಡನೆಯದಕ್ಕೆ ತಿಳಿಸಿ ಹೇಳಿದರೆ ಸಾಕು.

ಆದ್ದರಿಂದ ಕಸ್ಟಮ್ಸ್ ಮತ್ತು ಅಂಚೆ ಇಲಾಖೆಗಳಲ್ಲಿ ನನ್ನ ಕೋರಿಕೆ ಇಷ್ಟು. ಪಾರ್ಸೆಲ್ ತಡೆದರೆ ಯಾವ ಸಾಲಿನಲ್ಲಿ ಯಾವ ತಪ್ಪು, ಏನು ತಿದ್ದಬೇಕು ಎಂದು ಕಳಿಸಿದವರ ಮೊಬೈಲಿಗೆ ಅದೇ ದಿನ ಬರಹದಲ್ಲಿ ತಿಳಿಸಬೇಕು. ಗೂಡಲೂರು, ಊಟಿ ಅಂಚೆ ಕಚೇರಿಗಳಲ್ಲಿ ರಫ್ತಿನ ಕಾಗದ ಓದಬಲ್ಲ ತರಬೇತಿ ಪಡೆದ ಸಿಬ್ಬಂದಿ ಒಬ್ಬರಾದರೂ ಇರಬೇಕು. ಕೊಯಮತ್ತೂರಿನ ಡಿಜಿಎಫ್‌ಟಿ ಕಚೇರಿ, ಕೂನೂರಿನ ಚಹಾ ಮಂಡಳಿ ಕಚೇರಿ, ಕಸ್ಟಮ್ಸ್ ಮೂವರೂ ಸೇರಿ ತಿಂಗಳಿಗೊಮ್ಮೆ ಬೆಟ್ಟದ ಮೇಲೆ ಶಿಬಿರ ನಡೆಸಬೇಕು. ಚಹಾ, ಮೆಣಸು, ಕಾಫಿ, ಕಸೂತಿ ಈ ನಾಲ್ಕಕ್ಕೆ ಬೇಕಾದ ಕೋಡು, ಕಾಗದಗಳನ್ನು ಒಂದು ಹಾಳೆಯಲ್ಲಿ ತಮಿಳು, ಕನ್ನಡ ಎರಡರಲ್ಲೂ ಅಚ್ಚು ಹಾಕಿಸಿ ಕೌಂಟರಿನಲ್ಲಿ ಅಂಟಿಸಬೇಕು. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಕಟ್ಟಡವೂ ಬೇಡ. ರಫ್ತು ಮಾಡಿ ಎಂದು ಸಣ್ಣ ಬೆಳೆಗಾರರನ್ನು ಕರೆದವರೇ ಈ ಜವಾಬ್ದಾರಿಯನ್ನೂ ಹೊರಬೇಕು.

ಇಂತಿ,
ನಿಮ್ಮ ಓದುಗ
ಮಾವನಲ್ಲ, ನೀಲಗಿರಿ ಜಿಲ್ಲೆ